ಕಾಜಾನ ಅಳತಿ

ನಿನ್ನೆ ರಾತ್ರಿ ಎರಡೂ ಇಪ್ಪತ್ತಕ್ಕ
ಎದ್ದು ಮಶೀನಿನ ಬಾಜೂಕ ಕಾಲಿಟ್ಟೆ, ಬೆಚ್ಚಗಾತು.
ದೀಪ ಹಚ್ಚೂದು ಬೇಕಾಗಲಿಲ್ಲ.
ಕತ್ತಲ್ಯಾಗ ನೀ ಮೂಲಿ ಹಿಡದು ನಿಂತಿದ್ದಿ
ಗ್ವಾಡಿಗೆ ಮುಖಾ ಮಾಡಿ,
ಮಾಸ್ತರು ಬೈದು ನಿಲ್ಲಿಸಿದ ಹುಡುಗನಂಗ.

ಹದಿನಾಲ್ಕು ವರ್ಷದ ಹಿಂದ
ಚಿಂದಿ ಚೀಲದಾಗ ಸಿಕ್ಕಾವ ನೀ.
ಲಕ್ಷ್ಮಿ ರೋಡಿನಿಂದ ತಂದ ತುಂಡರಿಬಿ ನಡುವ
ಒಂದು ತುಂಡು ಉಸಿರಾಡತಿತ್ತು.
ಕಣ್ಣು ಇನ್ನೂ ಕತ್ತರಿ ಬೀಳದ ಕಾಜಾದಂಗಿದ್ದವು,
ಅದ ಹೆಸರಾತು.
ಹನ್ನೊಂದು ದಿನದಾಗ ಕಲತಿ:
ಹೊರಗ ಅಂದ್ರ ಬಾಗಲಾ, ಬಾಗಲಾ ಅಂದ್ರ ಮೆಟ್ಟಲಾ,
ಮೆಟ್ಟಲಾ ಇಳದ್ರ ವಾಡೇದ ಹಿಂದಿನ ಬಾದಾಮಿ ಗಿಡ.
ಮುಗದ ಮ್ಯಾಲೆ ನನ್ನ ಬಾಯಾಗಿಂದ ಒಂದ ಮಾತು, ಶಾಣ್ಯಾ.
ಅಥಣಿಯೊಳಗೂ ನಡಿಯೂ ಮಾತು, ಪುಣೇದೊಳಗೂ ನಡಿಯೂ ಮಾತು;
ಈ ಊರಾಗ ನನಗ ಮೊದಲ ಸಿಕ್ಕ
ಪರಿಚಯದ ನಾಣ್ಯ ಅದು.

ಈಗ ಆ ಹನ್ನೊಂದು ದಿನಾ
ಕಡೀ ಟಾಕಾದಿಂದ ಬಿಚ್ಚಾಕತ್ತಾವು.
ಮೊದಲು ಬಾದಾಮಿ ಗಿಡ ಹೋತು. ಆಮ್ಯಾಲೆ ಮೆಟ್ಟಲಾ.
ಕೆಳಗಿನ ಅಭ್ಯಂಕರರು ಹಲಿಗಿ ಬರದು ತೂಗಹಾಕಿದರು:
"ಮೆಟ್ಟಿಲು ಇರುವುದು ಮೆಟ್ಟಲಿಕ್ಕೆ.
ಓದು ಬರುವ ನಾಯಿಗಳು ಗಮನಿಸಬೇಕು.
ಬಾರದವಕ್ಕೆ ಮಾಲಕರು ಓದಿ ಹೇಳಬೇಕು."
ಮರಾಠಿಯೊಳಗ ಇನ್ನೂ ಚಂದ ಕಚ್ಚತೈತಿ.
ನಾ ಓದಿ ಹೇಳಿದೆ. ನೀ ಹಲಿಗಿ ಮೂಸಿದಿ.

ಡಾಕ್ಟರು ಗುಳಿಗಿ ಕೊಟ್ಟರು, ಮುಂಜಾನೆ ಅರ್ಧ, ಸಂಜೀಕ ಅರ್ಧ.
"ಮೂತ್ರಪಿಂಡ ಒಂದೀಟು, ತಲಿ ಒಂದೀಟು.
ಬೈಬ್ಯಾಡ್ರಿ, ಯಾಕಂತ ಅದಕ್ಕ ತಿಳಿಯೂದಿಲ್ಲ."
ನಾ ಬೈದಿದ್ದೆ. ಅವರಿಗೆ ಹೇಳಲಿಲ್ಲ.
ಒಂದ ಸಲ ಗಜದ ಕಟ್ಟಿಗಿನೂ ಎತ್ತಿದ್ದೆ.
ಅಳತಿ ತಗೋಳಾಕ ಅಂತ ತಿಳದು ನೀ
ನೆಟ್ಟಗ ನಿಂತಿ.

ಅದಕ್ಕ ಅಳತೀನ ತಗೊಂಡೆ.
ಪುಸ್ತಕದಾಗ, ಸಾವಂತ ಟೀಚರ್ ಎದಿ ಮೂವತ್ತಾರರ ಕೆಳಗ,
ಕಾಜಾ: ನಡಾ ಇಪ್ಪತ್ತೊಂದೂವರಿ,
ಬಾಲಕ್ಕ ಒಂದೂವರಿ ಇಂಚಿನ ಕಾಜಾ.
ನನ್ನ ಹಳೇ ಪರಕಾರ, ನಡುವ ಟವೆಲ್ಲಿನ ನಾಕು ಪದರು, ಲಾಡಿ.
ಹಗಲೆಲ್ಲಾ ಕಟ್ಟತೇನಿ; ರಾತ್ರಿ ಬಿಚ್ಚತೇನಿ,
ತೊಗಲಿಗೆ ಗಾಳಿ ಆಡಲಿ ಅಂತ.
ಮೊದಲ ದಿನಾ ಹೊಳ್ಳಿ ಹೊಳ್ಳಿ ನೋಡಿಕೊಂಡಿ,
ಬೀಗರ ಮನಿಗೆ ಹೊಸಾ ಧೋತರ ಉಟ್ಟು ಬಂದ ಮುದುಕನಂಗ.

ಮಂಗಳವಾರ ಲಾಡಿ ಸಡಲಿತ್ತು.
ಮಶೀನಿನ ಬುಡಕ ಪಟವರ್ಧನ ಬಾಯಿಯವರ ಪೈಠಣಿ,
ಫಾಲು ಹಚ್ಚಾಕ ಕೊಟ್ಟದ್ದು, ಮಗಳ ಮದವೀದು.
ಸೆರಗಿನ ನವಿಲು ಉಳೀತು, ಪುಣ್ಯಾ. ಅಂಚು ಹೋತು.
ತಣ್ಣೀರು, ಅಂಟವಾಳ, ನೆರಳಾಗ ಒಣಗಿಸೂದು,
ಎಲ್ಲಾ ಮಾಡಿ, ಅವರು ಬಂದಾಗ ಖರೇ ಹೇಳಿಬಿಟ್ಟೆ.
ಬಾಯಿ ಅಂಚು ಮೂಗಿಗೆ ಹಿಡದರು. ಭಾಳೊತ್ತು ಹಿಡದರು.
ಎಷ್ಟು ತಿಂಗಳ ಕಂತು ಅಂತ ನನ್ನ ಮನಸಿನ್ಯಾಗ ಲೆಕ್ಕಾ.
ಅವರು ನಿನ್ನ ಕಡೆ ನೋಡಿದರು, ನಿನ್ನ ಲಾಡಿ ನೋಡಿದರು,
ಬಾಗಲಾ ಅರ್ಧ ಮುಂದ ಮಾಡಿ ಸಣ್ಣ ದನೀಲೆ:
"ಇದನ್ನ ಮೂವತ್ತೆಂಟು ಸೊಂಟಕ್ಕ ಹೊಲೀತೀಯೇನು? ಆರು ಬೇಕು.
ಅಂಗಡ್ಯಾಗಿಂದು ಭಾಳ ತುರಸತೈತಿ."
ಯಾರಿಗೆ ಅಂತ ಕೇಳಲಿಲ್ಲ.
ಬರಕೊಂಡೆ. ಹೆಸರಿನ ಜಾಗಾ ಖಾಲಿ ಬಿಟ್ಟೆ.

ನಿನ್ನೆ, ನೆಲಾ ಒರಸಿ, ಅರಿಬಿ ಹಿಂಡಿ,
ನಿನ್ನ ಮೂಲ್ಯಾಗಿಂದ ಎತ್ತಿಕೊಂಡೆ.
ಇಪ್ಪತ್ತಾರು ಕಟ್ಟಿಗಿ ಮೆಟ್ಟಲಾ, ಹಲಿಗಿ ದಾಟಿ,
ಬಾದಾಮಿ ಗಿಡದ ಬುಡಕ ಇಳಿಸಿ, ಹೊರಗ ಅಂದೆ.
ನೀ ಗಾಳಿ ಮೂಸಿದಿ. ಎಲ್ಲೋ ಒಂದು ರಿಕ್ಷಾ ಕೆಮ್ಮಿತು.
ಉದರಿದ ಕೆಂಪು ಎಲಿ ಮ್ಯಾಲೆ ಕುಂತಿ,
ನಾನೂ ಕುಂತೆ. ಏನೂ ಆಗಲಿಲ್ಲ.

ಹೊತಗೊಂಡು ಏರುವಾಗ, ಹತ್ತೊಂಬತ್ತನೇ ಮೆಟ್ಟಲಕ್ಕ,
ಕುಪ್ಪಸದ ಹೊಲಿಗಿ ಗುಂಟ ಬೆಚ್ಚಗ ಇಳೀತು.
ಅಲ್ಲೇ ನಿಂತೆ, ನಿನಗ ಮುಗಿಯೂತನಕಾ.
ಶಾಣ್ಯಾ, ಅಂದೆ, ಸ್ವಲ್ಪ ಜೋರಾಗೇ.
ಕೆಳಗ ಅಭ್ಯಂಕರರ ಮನ್ಯಾಗ ದೀಪ ಹತ್ತಿತು.